ಲಿಂಕ್ ಫುಲ್, ಡ್ಯಾಶ್‌ಬೋರ್ಡ್ ಮಾತ್ರ ಹಸಿರು: ಯಾವುದನ್ನು ನಂಬಬೇಕು?

ಪ್ರಶ್ನೆ:
ಸರ್, ಆಫೀಸಿನ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ಈಗ ನನ್ನ ಪಾಲಿಗೆ ಬಂದಿದೆ. ಸ್ವಿಚ್, ಫೈರ್‌ವಾಲ್, ಆಕ್ಸೆಸ್ ಪಾಯಿಂಟ್ ಎಲ್ಲವೂ ಮಾನಿಟರಿಂಗ್ ಡ್ಯಾಶ್‌ಬೋರ್ಡಿನಲ್ಲಿವೆ. ಐದು ನಿಮಿಷಕ್ಕೊಮ್ಮೆ ಡೇಟಾ ಬರುತ್ತದೆ. ಇಂಟರ್ನೆಟ್ ಲಿಂಕ್ 200 ಎಂಬಿಪಿಎಸ್. ಮಧ್ಯಾಹ್ನ ವಿಡಿಯೋ ಕಾಲ್ ಕಟ್ ಆಗುತ್ತದೆ, ಅಪ್‌ಲೋಡ್ ಅರ್ಧಕ್ಕೇ ನಿಲ್ಲುತ್ತದೆ. ಆದರೆ ಡ್ಯಾಶ್‌ಬೋರ್ಡಿನಲ್ಲಿ ಬಳಕೆ 11% ದಾಟಿದ್ದೇ ಇಲ್ಲ. ಜನ ಜಾಸ್ತಿ ದೂರು ಹೇಳುವ ಹೊತ್ತಿಗೇ ಗ್ರಾಫ್ ಕೆಳಗೆ ಇಳಿದಿರುತ್ತದೆ. ಲಿಂಕ್ ಕೊಟ್ಟವರು ಫುಲ್ ಆಗಿದೆ ಅನ್ನುತ್ತಾರೆ. ಯಾರನ್ನು ನಂಬಲಿ?

ಉತ್ತರ:
ನೀವು ಕೊಟ್ಟ ವಿವರ ನೋಡಿದರೆ ಲಿಂಕ್ ಕೊಟ್ಟವರ ಮಾತೇ ಸರಿ ಅನಿಸುತ್ತದೆ. ಎರಡು ವಿಷಯ ನೋಡಿ ಹೇಳಿ. ಫೈರ್‌ವಾಲ್‌ನಲ್ಲಿ ಆ ಲಿಂಕ್ ಬಂದು ಸೇರುವ ಪೋರ್ಟಿನ ವೇಗ ಎಷ್ಟು? ಫೈರ್‌ವಾಲ್ ಅನ್ನು ಡ್ಯಾಶ್‌ಬೋರ್ಡಿಗೆ ಸೇರಿಸುವಾಗ ಎಸ್‌ಎನ್‌ಎಂಪಿಯ (ಸಾಧನಗಳಿಂದ ಡ್ಯಾಶ್‌ಬೋರ್ಡ್ ಅಂಕಿಅಂಶ ಕೇಳಿ ಪಡೆಯುವ ಪ್ರೋಟೋಕಾಲ್) ಯಾವ ವರ್ಷನ್ ಹಾಕಿದ್ದಾರೆ?

ಪ್ರಶ್ನೆ ಕೇಳಿದವರು:
ಪೋರ್ಟ್ 1 ಜಿಬಿಪಿಎಸ್. ವರ್ಷನ್ ವಿ1 ಅಂತ ಇದೆ. ಹಿಂದೆ ಇದ್ದವರು ಸೇರಿಸಿದ್ದು.

ಉತ್ತರ:
ಹಾಗಿದ್ದರೆ ಎರಡು ತಪ್ಪು ಒಟ್ಟಿಗೇ ಸೇರಿಕೊಂಡಿವೆ.

ಮೊದಲನೆಯದು ಶೇಕಡಾವಾರು ಲೆಕ್ಕ. ನೀವು ದುಡ್ಡು ಕೊಡುವುದು 200ಕ್ಕೆ ಅನ್ನುವುದು ಡ್ಯಾಶ್‌ಬೋರ್ಡಿಗೆ ಗೊತ್ತಿಲ್ಲ. ಪೋರ್ಟ್ ತನ್ನ ವೇಗ 1 ಜಿಬಿಪಿಎಸ್, ಅಂದರೆ 1000 ಎಂಬಿಪಿಎಸ್ ಅಂತ ಹೇಳುತ್ತದೆ, ಡ್ಯಾಶ್‌ಬೋರ್ಡ್ ಅದನ್ನೇ 100% ಅಂತ ಹಿಡಿಯುತ್ತದೆ. ಲಿಂಕ್ ಪೂರ್ತಿ ತುಂಬಿದರೂ 20% ತೋರಿಸುತ್ತದೆ. 80%ಕ್ಕೆ ಅಲರ್ಟ್ ಇಟ್ಟಿದ್ದರೆ ಅದು ಯಾವತ್ತೂ ಬರುವುದಿಲ್ಲ. ಆ ಪೋರ್ಟಿನ ಸೆಟ್ಟಿಂಗ್‌ನಲ್ಲಿ ವೇಗವನ್ನು ಕೈಯಾರೆ 200 ಅಂತ ಹಾಕಿ.

ಎರಡನೆಯದು ಕೌಂಟರ್. ಸಾಧನ ನಿಮಗೆ ವೇಗವನ್ನು ಹೇಳುವುದಿಲ್ಲ. ಈ ಪೋರ್ಟಿನಲ್ಲಿ ಇಲ್ಲಿಯವರೆಗೆ ಎಷ್ಟು ಬೈಟ್ ಹಾದುಹೋಯಿತು ಅನ್ನುವ ಏರುತ್ತಾ ಹೋಗುವ ಸಂಖ್ಯೆಯನ್ನಷ್ಟೇ ಕೊಡುತ್ತದೆ. ಎರಡು ಓದುಗಳ ವ್ಯತ್ಯಾಸವನ್ನು ಸಮಯದಿಂದ ಭಾಗಿಸಿ, ಎಂಟರಿಂದ ಗುಣಿಸಿ ವೇಗ ತೆಗೆಯುವುದು ಡ್ಯಾಶ್‌ಬೋರ್ಡಿನ ಕೆಲಸ. ವಿ1ರಲ್ಲಿ ಸಿಗುವುದು 32 ಬಿಟ್ ಕೌಂಟರ್ ಮಾತ್ರ. 4,29,49,67,295 ತಲುಪಿದ ಮೇಲೆ ಅದು ಹಳೆಯ ಬೈಕಿನ ಕಿಲೋಮೀಟರ್ ಮೀಟರಿನ ಹಾಗೆ ಮತ್ತೆ ಸೊನ್ನೆಗೆ ಬರುತ್ತದೆ. 200 ಎಂಬಿಪಿಎಸ್ ಪೂರ್ತಿ ಹರಿದರೆ ಮೂರು ನಿಮಿಷದೊಳಗೇ ಒಂದು ಸುತ್ತು ಮುಗಿಯುತ್ತದೆ. ನೀವು ಓದುವುದು ಐದು ನಿಮಿಷಕ್ಕೊಮ್ಮೆ.

ನಡುವೆ ಒಂದು ಪೂರ್ತಿ ಸುತ್ತು ಹೋಗಿದೆ ಅಂತ ಡ್ಯಾಶ್‌ಬೋರ್ಡಿಗೆ ತಿಳಿಯುವ ದಾರಿಯೇ ಇಲ್ಲ. ಹಾಗಾಗಿ ಈ ಲೆಕ್ಕದಲ್ಲಿ ಗ್ರಾಫ್ ಸುಮಾರು 114 ಎಂಬಿಪಿಎಸ್‌ಗಿಂತ, ಅಂದರೆ 1000ದ ಸುಮಾರು 11%ಗಿಂತ, ಮೇಲೆ ಹೋಗಲಾರದು. ನಿಜವಾಗಿ 130 ಹರಿದರೆ 15 ಅಂತ ತೋರಿಸುತ್ತದೆ. ಐದೂ ನಿಮಿಷ 200 ಹರಿದರೆ 85 ಅಂತ ತೋರಿಸುತ್ತದೆ. ನಿಮ್ಮ 11% ಎಲ್ಲಿಂದ ಬಂತು, ಜನ ದೂರುವಾಗಲೇ ಗ್ರಾಫ್ ಯಾಕೆ ಇಳಿಯುತ್ತದೆ ಅನ್ನುವುದಕ್ಕೆ ಇದೇ ಕಾರಣ.

ವಿ2ಸಿ ಅಥವಾ ವಿ3ಕ್ಕೆ ಬದಲಿಸಿ, ಇಷ್ಟು ಬೇಗ ಸುತ್ತು ಮುಗಿಸದ 64 ಬಿಟ್ ಕೌಂಟರ್ ಓದಲು ಹೇಳಿ. ಸಾಧನ ವಿ3 ಕೊಡುತ್ತದೆ ಅಂದರೆ ಅದನ್ನೇ ಹಾಕಿ. ವಿ2ಸಿಯಲ್ಲಿ ಪಾಸ್‌ವರ್ಡ್‌ನಂತೆ ಬಳಸುವ ಕಮ್ಯೂನಿಟಿ ಹೆಸರು ಮುಚ್ಚುಮರೆಯಿಲ್ಲದೆ ನೆಟ್‌ವರ್ಕಿನಲ್ಲಿ ಓಡಾಡುತ್ತದೆ. ಅದು ಇನ್ನೂ 'ಪಬ್ಲಿಕ್' ಅಂತಲೇ ಇದ್ದರೆ ಇವತ್ತೇ ಬದಲಿಸಿ.

ಪ್ರಶ್ನೆ ಕೇಳಿದವರು:
ಬದಲಿಸಿದೆ ಸರ್. ಈಗ ಮಧ್ಯಾಹ್ನ ಹೊರಹೋಗುವ ಗೆರೆ 190ರ ಮೇಲೆ ನಿಂತಿರುತ್ತದೆ. ಬೆಳಿಗ್ಗೆ ಹೊತ್ತು 70 ಎಂಬಿಪಿಎಸ್ ಇರುವಾಗಲೂ ಒಮ್ಮೊಮ್ಮೆ ಕಾಲ್ ತಡವರಿಸುತ್ತದೆ. ಇದಕ್ಕೆ ಬ್ಯಾಂಡ್‌ವಿಡ್ತ್ ಜಾಸ್ತಿ ಮಾಡಿಸಬೇಕಾ?

ಉತ್ತರ:
ಸದ್ಯಕ್ಕೆ ಬೇಡ. ಮೊದಲು ಯಾರು ಬಳಸುತ್ತಿದ್ದಾರೆ ಅಂತ ತಿಳಿಯಿರಿ. ಎಸ್‌ಎನ್‌ಎಂಪಿ ಎಷ್ಟು ಹರಿಯಿತು ಅನ್ನುವುದನ್ನಷ್ಟೇ ಹೇಳುತ್ತದೆ. ಯಾವ ಯಂತ್ರದಿಂದ ಎಲ್ಲಿಗೆ ಅನ್ನುವುದಕ್ಕೆ ನೆಟ್‌ಫ್ಲೋ, ಎಸ್‌ಫ್ಲೋ ಅಥವಾ ಐಪಿಫಿಕ್ಸ್ ಎಂಬ ಫ್ಲೋ ದಾಖಲೆ ಬೇಕು. ನಿಮ್ಮ ಫೈರ್‌ವಾಲ್ ಇವುಗಳಲ್ಲಿ ಯಾವುದನ್ನು ಕಳಿಸುತ್ತದೆ ನೋಡಿ, ಡ್ಯಾಶ್‌ಬೋರ್ಡಿಗೆ ಕಳಿಸಿ. ಹೊರಹೋಗುವ ದಿಕ್ಕು ದಿನವೂ ಅದೇ ಹೊತ್ತಿಗೆ ತುಂಬಿದರೆ ನನಗೆ ಮೊದಲು ಅನುಮಾನ ಬರುವುದು ಕ್ಲೌಡ್ ಬ್ಯಾಕಪ್ ಮೇಲೆ. ಅದನ್ನು ರಾತ್ರಿಗೆ ತಳ್ಳಿದರೆ ಒಂದು ಪೈಸೆ ಖರ್ಚಿಲ್ಲದೆ ಕೆಲಸ ಮುಗಿಯಬಹುದು. ಫ್ಲೋ ದಾಖಲೆಯಲ್ಲಿ ಸಾಮಾನ್ಯವಾಗಿ ಮಾತುಕತೆಯ ಒಳಗಿನ ವಿಷಯ ಇರುವುದಿಲ್ಲ, ಆದರೆ ಯಾರು ಎಲ್ಲಿಗೆ ಹೋದರು ಅನ್ನುವುದು ಇರುತ್ತದೆ. ಆದ್ದರಿಂದ ಹೀಗೆ ನೋಡುತ್ತಿದ್ದೇವೆ ಅಂತ ಸಿಬ್ಬಂದಿಗೆ ಮೊದಲೇ ತಿಳಿಸಿ. ಇದನ್ನು ಗುಟ್ಟಾಗಿ ಮಾಡುವುದು ನನಗೆ ಸರಿ ಕಾಣುವುದಿಲ್ಲ.

ಬೆಳಗಿನ ತೊಂದರೆಗೆ ಸರಾಸರಿ ಕಾರಣ ಇರಬಹುದು. ಐದು ನಿಮಿಷದಲ್ಲಿ 90 ಸೆಕೆಂಡು ಲಿಂಕ್ ಪೂರ್ತಿ ತುಂಬಿ, ಉಳಿದ ಹೊತ್ತು 20 ಹರಿದರೆ ಗ್ರಾಫಿನಲ್ಲಿ ಬರುವುದು 74. ಆ 90 ಸೆಕೆಂಡು ಕಾಲ್‌ನಲ್ಲಿದ್ದವರಿಗೆ ಮಾತು ಒಡೆದಿರುತ್ತದೆ. ಇಂಟರ್ನೆಟ್ ಪೋರ್ಟ್ ಒಂದಕ್ಕೆ ಒಂದು ನಿಮಿಷಕ್ಕೊಮ್ಮೆ ಓದಿಸಿ. ಎಲ್ಲ ಪೋರ್ಟಿಗೂ ಬೇಡ, ಸುಮ್ನೆ ಭಾರ. ಅದರ ಜೊತೆಗೆ ಡಿಸ್ಕಾರ್ಡ್ ಮತ್ತು ಎರರ್ ಕೌಂಟರ್‌ಗಳನ್ನೂ ಗ್ರಾಫಿಗೆ ಹಾಕಿ. ಡಿಸ್ಕಾರ್ಡ್ ಏರಿದರೆ ಸಾಮಾನ್ಯವಾಗಿ ಕ್ಯೂ ತುಂಬಿ ಪ್ಯಾಕೆಟ್ ಬಿಸಾಡುತ್ತಿದೆ ಅಂತ ಅರ್ಥ. ಸಿಆರ್‌ಸಿ ಎರರ್ (ದಾರಿಯಲ್ಲಿ ಕೆಟ್ಟು ಬಂದ ಡೇಟಾದ ಲೆಕ್ಕ) ಏರಿದರೆ ಕೇಬಲ್, ಕನೆಕ್ಟರ್ ಅಥವಾ ಡ್ಯೂಪ್ಲೆಕ್ಸ್ (ಏಕಕಾಲಕ್ಕೆ ಕಳಿಸುವ, ಪಡೆಯುವ ಸೆಟ್ಟಿಂಗ್ ಎರಡೂ ತುದಿಯಲ್ಲಿ ಹೊಂದುತ್ತದೆಯೇ ಅಂತ) ನೋಡಿ. ಅದಕ್ಕೆ ಎಷ್ಟು ಬ್ಯಾಂಡ್‌ವಿಡ್ತ್ ಕೊಂಡರೂ ಪ್ರಯೋಜನವಿಲ್ಲ.

ಇನ್ನೊಂದು ಮಾತು. ಬಹಳಷ್ಟು ಟೂಲ್‌ಗಳು ಹಳೆಯ ಡೇಟಾವನ್ನು ಇನ್ನೂ ದೊಡ್ಡ ಸರಾಸರಿಗೆ ಇಳಿಸಿ ಇಡುತ್ತವೆ. ಕಳೆದ ತಿಂಗಳ ಗ್ರಾಫಿನಲ್ಲಿ ಸರಾಸರಿ ಗೆರೆ ಬೇಡ, ಗರಿಷ್ಠದ ಗೆರೆ ನೋಡಿ.

ಗುಂಪಿನ ಇನ್ನೊಬ್ಬ ಸದಸ್ಯೆ:
ನಮ್ಮಲ್ಲಿ ಉಲ್ಟಾ ಸಮಸ್ಯೆ ಸರ್. ಮುಖ್ಯ ಸ್ವಿಚ್ ಆಫ್ ಆದರೆ ಅದರ ಕೆಳಗಿರುವ ಎಲ್ಲಾ ಸಾಧನಗಳಿಗೂ ಒಂದೊಂದು ಅಲರ್ಟ್ ಬರುತ್ತದೆ. ಈಗ ಯಾರೂ ಮೆಸೇಜ್ ತೆರೆಯುವುದೇ ಇಲ್ಲ.

ಉತ್ತರ:
ಮೇಡಂ, ಯಾವ ಸಾಧನ ಯಾವುದರ ಹಿಂದೆ ಇದೆ ಅಂತ ಡ್ಯಾಶ್‌ಬೋರ್ಡಿಗೆ ತಿಳಿಸಿ. ಝಾಬಿಕ್ಸ್, ನಾಗಿಯೋಸ್, ಪಿಆರ್‌ಟಿಜಿಯಂಥ ಮಾನಿಟರಿಂಗ್ ಟೂಲ್‌ಗಳಲ್ಲಿ ಇದಕ್ಕೆ ಡಿಪೆಂಡೆನ್ಸಿ ಸೆಟ್ಟಿಂಗ್ ಇದೆ. ಆಮೇಲೆ ಮುಖ್ಯ ಸ್ವಿಚ್ ಹೋದರೆ ಅದೊಂದರ ಮೆಸೇಜ್ ಮಾತ್ರ ಬರುತ್ತದೆ. ಬ್ಯಾಂಡ್‌ವಿಡ್ತ್ ಅಲರ್ಟ್‌ಗೆ ಒಂದು ಕ್ಷಣದ ಏರಿಕೆ ಸಾಕಾಗಬಾರದು. 85% ಮೇಲೆ ಹತ್ತು ನಿಮಿಷ ನಿಂತರೆ ಮಾತ್ರ ಕಳಿಸು ಅಂತ ಇಡಿ. ಫೋನಿಗೆ ಬರುವ ಪ್ರತಿ ಅಲರ್ಟ್‌ಗೂ ಬಂದಾಗ ಯಾರು, ಏನು ಮಾಡಬೇಕು ಅಂತ ಬರೆದಿಡಿ. ಬರೆಯಲು ಏನೂ ಇಲ್ಲದ ಅಲರ್ಟನ್ನು ಫೋನಿನಿಂದ ತೆಗೆದು, ಡ್ಯಾಶ್‌ಬೋರ್ಡಿನಲ್ಲಿ ಮಾತ್ರ ಉಳಿಸಿಕೊಳ್ಳಿ.