ಪದಚರ್ಚೆ: ಅಮೆರಿಕದ ಲಿಬರಲ್, ಕನ್ಸರ್ವೇಟಿವ್ – ‘ಉದಾರವಾದಿ’ಯೂ ಬೇಡ, ‘ಸಂಪ್ರದಾಯವಾದಿ’ಯೂ ಬೇಡ

ಮತದಾರರಿಗೆ ಹಂಚುವ ಕನ್ನಡ ಕರಪತ್ರದಲ್ಲಿ ಅಮೆರಿಕದ ರಾಜಕೀಯದ ‘ಲಿಬರಲ್’, ‘ಕನ್ಸರ್ವೇಟಿವ್’ ಪದಗಳನ್ನು ಹೇಗೆ ಬರೆಯಬೇಕು ಅಂತ ನಮ್ಮ ಪದಚರ್ಚೆ ಗುಂಪಿನಲ್ಲಿ ಕೇಳಿದ್ದೀರಿ. ಕರಪತ್ರ ಇವತ್ತು ರಾತ್ರಿಯೊಳಗೆ ಪ್ರೆಸ್ಸಿಗೆ ಹೋಗಬೇಕು ಅಂತಲೂ ಬರೆದಿದ್ದೀರಿ. ಹಾಗಾಗಿ ಮೊದಲು ಉತ್ತರ, ಆಮೇಲೆ ಕಾರಣ.

ಎರಡು ಪದವನ್ನೂ ಹಾಗೇ ಇಡಿ. ಮೊದಲ ಸಲ ಬರುವಲ್ಲಿ ಒಂದೊಂದು ಸಾಲು ವಿವರಣೆ ಕೊಡಿ. ಆ ಸಾಲುಗಳನ್ನು ಕೆಳಗೆ ಬರೆದಿದ್ದೇನೆ, ಬೇಕಾದರೆ ಹಾಗೇ ಎತ್ತಿಕೊಳ್ಳಿ.

ನಿನ್ನೆಯಿಂದ ಬಂದ ಸಲಹೆಗಳಲ್ಲಿ ಲಿಬರಲ್ ಅನ್ನುವುದಕ್ಕೆ ಜಾಸ್ತಿ ಜನ ಒಪ್ಪಿರುವುದು ‘ಉದಾರವಾದಿ’ಯನ್ನು. ತಪ್ಪು ಪದ. ನಿಘಂಟಿನಲ್ಲಿದೆ ಅನ್ನುವುದು ಸಮಜಾಯಿಷಿ ಅಲ್ಲ. ಕರಪತ್ರ ಓದುವವರು ಯಾರು ಅಂತ ನೋಡಿ. ಮಕ್ಕಳ ಜೊತೆ ಇರಲು ನ್ಯೂಜೆರ್ಸಿಗೆ ಬಂದು, ಈಗ ಇಲ್ಲಿನ ಪೌರತ್ವ ಸಿಕ್ಕಿ, ಮೊದಲ ಸಲ ವೋಟು ಹಾಕುವ ಹಿರಿಯರು. ನಮ್ಮ ಅತ್ತೆಯವರೂ ಹಾಗೇ ಬಂದವರು. ಹಿಂದಿನ ಚುನಾವಣೆ ಹೊತ್ತಿಗೆ ಅವರಿಗೆ ನಾನೇ ಎರಡು ಪುಟ ಕನ್ನಡದಲ್ಲಿ ಬರೆದುಕೊಟ್ಟಿದ್ದೆ, ‘ಉದಾರವಾದಿ’ ಅಂತಲೇ. ಅಡುಗೆಮನೆ ಮೇಜಿನ ಮೇಲೆ ಹಾಳೆ ಹರಡಿಕೊಂಡು, ಆ ಪದದ ಕೆಳಗೆ ಪೆನ್ಸಿಲಿನಲ್ಲಿ ಗೆರೆ ಎಳೆದು ಕೇಳಿದರು: “ಇವರು ತೆರಿಗೆ ಜಾಸ್ತಿ ಮಾಡ್ತಾರೆ ಅಂತ ನೀನೇ ಬರೆದಿದ್ದೀಯ. ಮತ್ತೆ ಉದಾರಿಗಳು ಹೇಗಾದ್ರು?” ನನ್ನ ಹತ್ತಿರ ಉತ್ತರ ಇರಲಿಲ್ಲ. ಕನ್ನಡದಲ್ಲಿ ಉದಾರ ಅಂದರೆ ಧಾರಾಳದ ಕೈ, ದೊಡ್ಡ ಮನಸ್ಸು. ಪದದಲ್ಲೇ ಹೊಗಳಿಕೆ ಕೂತಿದೆ. ಮತದಾರರಿಗೆ ಕೊಡುವ ಹಾಳೆಯಲ್ಲಿ ಒಂದು ಕಡೆಯವರನ್ನು ಹೆಸರಿನಲ್ಲೇ ಹೊಗಳಿಬಿಟ್ಟರೆ ಇನ್ನೊಂದು ಕಡೆಯವರಿಗೆ ಅನ್ಯಾಯ ಅಲ್ವಾ?

ಅದಕ್ಕಿಂತ ದೊಡ್ಡ ತೊಡಕು ಇನ್ನೊಂದಿದೆ. 1991ರಿಂದ ನಮ್ಮ ಪತ್ರಿಕೆಗಳಲ್ಲಿ ‘ಉದಾರೀಕರಣ’ ಅಂದರೆ ಲೈಸೆನ್ಸ್ ತೆಗೆಯುವುದು, ಮಾರುಕಟ್ಟೆ ತೆರೆಯುವುದು, ಸರ್ಕಾರ ಹಿಂದೆ ಸರಿಯುವುದು. ಉದಾರೀಕರಣ, ಖಾಸಗೀಕರಣ, ಜಾಗತೀಕರಣ ಮೂರನ್ನೂ ಒಂದೇ ಉಸಿರಿನಲ್ಲಿ ಓದಿದವರು ನಾವು. ಅಮೆರಿಕದಲ್ಲಿ ಸರ್ಕಾರ ಹಿಂದೆ ಸರಿಯಲಿ ಅನ್ನುವವರು ಕನ್ಸರ್ವೇಟಿವರು. 1981ರಲ್ಲಿ ಅಧ್ಯಕ್ಷರಾಗಿ ಪ್ರಮಾಣ ಮಾಡಿದ ದಿನ ರೊನಾಲ್ಡ್ ರೇಗನ್ ಹೇಳಿದ್ದೂ ಅದನ್ನೇ: ಈಗಿನ ಬಿಕ್ಕಟ್ಟಿಗೆ ಸರ್ಕಾರ ಪರಿಹಾರ ಅಲ್ಲ, ಸರ್ಕಾರವೇ ಸಮಸ್ಯೆ. ನಮ್ಮ ಓದುಗರ ಲೆಕ್ಕದಲ್ಲಿ ಆಗ ರೇಗನ್ನೇ ಉದಾರವಾದಿ ಆಗಿಬಿಡುತ್ತಾರೆ. ಅರ್ಥ ಪೂರ್ತಿ ತಲೆಕೆಳಗು.

ಲಿಬರಲ್‌ನ ಬೇರು ಲ್ಯಾಟಿನ್ನಿನ ‘ಲಿಬರ್’, ಅಂದರೆ ಸ್ವತಂತ್ರ, ಆದ್ದರಿಂದ ‘ಬಿಡುಗಡೆವಾದಿ’ ಅನ್ನಬೇಕು ಅಂತ ಒಬ್ಬರು ಉದ್ದಕ್ಕೆ ಬರೆದಿದ್ದಾರೆ. ಬೇರು ಸರಿ, ತೀರ್ಮಾನ ಸರಿಯಲ್ಲ. ‘ಉಪನ್ಯಾಸ’ ಹಿಂದಿಯಲ್ಲಿ ಕಾದಂಬರಿ, ನಮ್ಮಲ್ಲಿ ಭಾಷಣ. ಬೇರು ಒಂದೇ ತಾನೆ? ಪದ ಯಾವ ನೆಲದಲ್ಲಿ ಬೆಳೆಯಿತು ಅಂತ ನೋಡಬೇಕು. 1930ರ ದಶಕದ ಆರ್ಥಿಕ ಕುಸಿತದಲ್ಲಿ ಅಧ್ಯಕ್ಷ ಫ್ರಾಂಕ್ಲಿನ್ ರೂಸ್‌ವೆಲ್ಟ್ ಸರ್ಕಾರದಿಂದ ಕೆಲಸ, ನೆರವು ಕೊಡುವ ತಮ್ಮ ನ್ಯೂ ಡೀಲ್ ಕಾರ್ಯಕ್ರಮಗಳನ್ನು ಲಿಬರಲ್ ಅಂತ ಕರೆದುಕೊಂಡರು. ವಯಸ್ಸಾದವರಿಗೆ ಪಿಂಚಣಿ ಕೊಡುವ 1935ರ ಸೋಷಿಯಲ್ ಸೆಕ್ಯುರಿಟಿ ಕಾನೂನು ಆ ಕಾಲದ್ದೇ. ಅಧ್ಯಕ್ಷ ಚುನಾವಣೆಯಲ್ಲಿ ಅವರೆದುರು ಸೋತ ಹರ್ಬರ್ಟ್ ಹೂವರ್, ಸರ್ಕಾರದ ಹಿಡಿತ ಹೆಚ್ಚಿಸುವುದು ಲಿಬರಲ್ ಅಲ್ಲ, ನಿಜವಾದ ಲಿಬರಲ್ ನಾವು ಅಂತ ವಾದಿಸುತ್ತಲೇ ಇದ್ದರು. ಹೂವರ್ ಹಿಡಿದಿದ್ದು, ಸರ್ಕಾರದ ಹಿಡಿತದಿಂದ ಸ್ವಾತಂತ್ರ್ಯ ಅನ್ನುವ ಹಳೆಯ ಅರ್ಥವನ್ನು. ಆದರೆ ಪದ ರೂಸ್‌ವೆಲ್ಟ್ ಕಡೆಯೇ ಉಳಿಯಿತು. 1965ರಲ್ಲಿ ಅಧ್ಯಕ್ಷ ಲಿಂಡನ್ ಜಾನ್ಸನ್ ತಂದ ಮೆಡಿಕೇರ್, ಅಂದರೆ ವಯಸ್ಸಾದವರಿಗೆ ಸರ್ಕಾರದ ಆರೋಗ್ಯ ವಿಮೆ, ಅದೇ ದಾರಿಯದು. ನಿಮ್ಮ ಓದುಗರಿಗೆ ಉದಾಹರಣೆ ಬೇಕಾದರೆ ಮೆಡಿಕೇರನ್ನೇ ಕೊಡಿ, ಈ ವಯಸ್ಸಿನವರ ಮನೆಮಾತಿನಲ್ಲಿ ಆ ಹೆಸರು ಇದ್ದೇ ಇರುತ್ತೆ. ಇನ್ನು ಆಸ್ಟ್ರೇಲಿಯಾದಲ್ಲಿ 1944ರಲ್ಲಿ ಕಟ್ಟಿದ ಲಿಬರಲ್ ಪಕ್ಷ ಅಲ್ಲಿನ ಬಲಪಂಥದ ಪಕ್ಷ. ಬೇರಿನಿಂದ ಇದನ್ನೆಲ್ಲ ಹೇಗೆ ತೆಗೆಯುತ್ತೀರಿ?

ಕನ್ಸರ್ವೇಟಿವ್ ಅನ್ನುವುದಕ್ಕೆ ‘ಸಂಪ್ರದಾಯವಾದಿ’ ಅರ್ಧ ಮಾತ್ರ ಹೊಂದುತ್ತದೆ. ಸಂಪ್ರದಾಯ ಅಂದ ಕೂಡಲೇ ನಮಗೆ ಮಡಿ, ಮೈಲಿಗೆ, ಮದುವೆ ಶಾಸ್ತ್ರ ನೆನಪಾಗುತ್ತೆ. ಚರ್ಚು, ಕುಟುಂಬ, ಗರ್ಭಪಾತದ ವಿಷಯಕ್ಕೆ ಆ ಪದ ನಡೆದೀತು. 1973ರ ತೀರ್ಪು ಕೊಟ್ಟಿದ್ದ ಗರ್ಭಪಾತದ ಹಕ್ಕನ್ನು ಅಮೆರಿಕದ ಸುಪ್ರೀಂ ಕೋರ್ಟ್ 2022ರಲ್ಲಿ ತೆಗೆದುಹಾಕಿದಾಗ ಗೆದ್ದದ್ದು ಆ ಕಡೆಯವರು. ಆದರೆ ತೆರಿಗೆ ಇಳಿಸಿ ಅನ್ನುವುದರಲ್ಲಿ ಯಾವ ಸಂಪ್ರದಾಯ ಇದೆ? ಅವರು ಕಾಪಾಡಬೇಕು ಅನ್ನುವುದು ಹೆಚ್ಚಾಗಿ 1787ರ ಸಂವಿಧಾನವನ್ನು, ಬಂದೂಕು ಇಟ್ಟುಕೊಳ್ಳುವ ಹಕ್ಕು ಕೊಟ್ಟ 1791ರ ಎರಡನೇ ತಿದ್ದುಪಡಿಯನ್ನು. ಅದನ್ನು ಬರೆದವರೋ ಬ್ರಿಟನ್ನಿನ ರಾಜನ ವಿರುದ್ಧ ಬಂಡೆದ್ದ ಜನ, ಸಂಪ್ರದಾಯ ಹಿಡಿದು ಕೂತವರಲ್ಲ.

ಇಲ್ಲೇ ಪದದ ಜಗಳವೂ ಇದೆ ನೋಡಿ. ಸಂವಿಧಾನದ ಮಾತುಗಳಿಗೆ ಅದನ್ನು ಬರೆದ ಕಾಲದ ಅರ್ಥವನ್ನೇ ಹಿಡಿಯಬೇಕು ಅನ್ನುವುದು ಕನ್ಸರ್ವೇಟಿವ್ ನ್ಯಾಯಾಧೀಶರ ವಾದ. ಕಾಲ ಬದಲಾದ ಹಾಗೆ ಓದಬೇಕು ಅನ್ನುವುದು ಲಿಬರಲ್ ನ್ಯಾಯಾಧೀಶರ ವಾದ. ಈ ಗುಂಪಿನಲ್ಲಿ ವರ್ಷಗಳಿಂದ ನಾವು ಆಡುತ್ತಿರುವುದೂ ಇದೇ ಜಗಳ.

‘ಎಡ’, ‘ಬಲ’ ಸಾಕಲ್ಲ ಅಂದವರಿಗೆ: ಸಾಲದು. ಕನ್ನಡದಲ್ಲಿ ಎಡಪಂಥ ಅಂದರೆ ಕಮ್ಯುನಿಸ್ಟರ ತನಕ ಹೋಗುತ್ತದೆ. ಬಣ್ಣದಲ್ಲಂತೂ ಇನ್ನೂ ಗೊಂದಲ. 2000ದ ಚುನಾವಣೆಯಿಂದೀಚೆಗೆ ಇಲ್ಲಿನ ಟಿ.ವಿ.ಗಳಲ್ಲಿ ಕೆಂಪು ಅಂದರೆ ರಿಪಬ್ಲಿಕನ್, ನೀಲಿ ಅಂದರೆ ಡೆಮಾಕ್ರಟಿಕ್. ನೀವು ‘ಕೆಂಪು ರಾಜ್ಯ’ ಅಂತ ಅಚ್ಚು ಹಾಕಿಸಿದರೆ ನಮ್ಮ ಹಿರಿಯರು ರಿಪಬ್ಲಿಕನ್ನರ ಟೆಕ್ಸಾಸಿನಲ್ಲಿ ಕಮ್ಯುನಿಸ್ಟರ ಕೆಂಬಾವುಟ ಹಾರುತ್ತಿದೆ ಅಂತ ತಿಳಿದಾರು. ನಿಮ್ಮ ಕರಡಿನಿಂದ ಆ ಸಾಲು ತೆಗೆದುಬಿಡಿ.

ಸುಮ್ನೆ ಪಕ್ಷದ ಹೆಸರನ್ನೇ ಬರೆಯಿರಿ ಅನ್ನುವುದೂ ಆಗದು. ಈಗ ಲಿಬರಲ್ಲರು ಹೆಚ್ಚಾಗಿ ಡೆಮಾಕ್ರಟಿಕ್ ಪಕ್ಷದಲ್ಲಿ, ಕನ್ಸರ್ವೇಟಿವರು ರಿಪಬ್ಲಿಕನ್ ಪಕ್ಷದಲ್ಲಿ ಇದ್ದಾರೆ, ನಿಜ. ಆದರೆ ಜನಾಂಗಭೇದ ನಿಷೇಧಿಸಿದ 1964ರ ನಾಗರಿಕ ಹಕ್ಕುಗಳ ಕಾಯ್ದೆಯನ್ನು ಸೆನೆಟ್‌ನಲ್ಲಿ ವಿರೋಧಿಸಿದವರಲ್ಲಿ ಹೆಚ್ಚಿನವರು ದಕ್ಷಿಣದ ಡೆಮಾಕ್ರಟರು. ಪಕ್ಷ ಬೇರೆ, ಒಲವು ಬೇರೆ.

ಸಂಸ್ಕೃತ ಬೇಡ ಅನ್ನುವ ಅಚ್ಚಗನ್ನಡದ ಗೆಳೆಯರು ಕನ್ಸರ್ವೇಟಿವರಿಗೆ ‘ಹಳಮೆಗಾಪಿಗರು’, ಲಿಬರಲ್ಲರಿಗೆ ‘ಬಿಡುಮನದವರು’ ಅಂತ ಕಟ್ಟಿ ಕಳಿಸಿದ್ದಾರೆ. ಬೇಡ. ಹಳೆಯ ಕವಿ ಆಂಡಯ್ಯ ಸಂಸ್ಕೃತದ ಪದ ಹಾಗೇ ತರದೆ ಇಡೀ ಕಾವ್ಯ ಬರೆದ, ಅದರ ಮೇಲೆ ನನಗೂ ಗೌರವ ಇದೆ. ಅದು ಕಾವ್ಯ. ಇದು ಎಪ್ಪತ್ತು ದಾಟಿದವರು ಮತಗಟ್ಟೆಗೆ ಹೋಗುವ ಮುಂಚೆ ಓದುವ ಹಾಳೆ. ಅವರು ಟಿ.ವಿ.ಯಲ್ಲಿ ಕೇಳುವುದು ಲಿಬರಲ್, ಕನ್ಸರ್ವೇಟಿವ್ ಅಂತ. ಹಾಳೆಯಲ್ಲಿ ಬೇರೆ ಪದ ಇದ್ದರೆ ಎರಡನ್ನೂ ಜೋಡಿಸುವುದು ಹೇಗೆ? ಜಿಲ್ಲೆ, ತಾಲೂಕು, ಅರ್ಜಿ, ಖರ್ಚು ಎಲ್ಲವೂ ಅರಬ್ಬಿ-ಪಾರಸಿ ಕಡೆಯಿಂದ ಬಂದು ಕನ್ನಡದ್ದೇ ಆಗಿವೆ. ರಿಪಬ್ಲಿಕನ್, ಡೆಮಾಕ್ರಟಿಕ್ ಅಂತ ಬರೆಯುವಾಗ ಯಾರೂ ತಕರಾರು ಮಾಡಿಲ್ಲ. ಇವೆರಡಕ್ಕೆ ಮಾತ್ರ ಯಾಕೆ?

ತಂದ ಪದ ಕನ್ನಡದ ವ್ಯಾಕರಣಕ್ಕೆ ಬಗ್ಗಬೇಕು, ಅಲ್ಲಿ ಮಾತ್ರ ನಾನು ಗಟ್ಟಿ. ‘ಲಿಬರಲ್ಸ್’ ಅಂತ ಬರೆಯಬೇಡಿ, ಅದು ಕನ್ನಡದ ಬಹುವಚನ ಅಲ್ಲ. ‘ಲಿಬರಲ್‌ಗಳು’ ಅಂತಲೂ ಬೇಡ. ಮನುಷ್ಯರನ್ನು ಹೇಳುವಾಗ ಪೊಲೀಸ್ ಪೊಲೀಸರು ಆಯಿತು, ಅಮೆರಿಕನ್ ಅಮೆರಿಕನ್ನರು ಆಯಿತು. ಹಾಗೇ ಲಿಬರಲ್ಲರು, ಕನ್ಸರ್ವೇಟಿವರು. ಇಷ್ಟು ಮಾಡಿದರೆ ಪದ ನಮ್ಮದಾಗುತ್ತದೆ. ಹೊಸ ಪದ ಟಂಕಿಸುವುದಕ್ಕಿಂತ ಇದು ಮುಖ್ಯ ಅಂತ ನನಗೆ ನಿಜವಾಗಿ ಅನಿಸುತ್ತೆ.

ಇನ್ನು ಸಾಲುಗಳು:

ಲಿಬರಲ್ಲರು: ಸಾಮಾನ್ಯವಾಗಿ, ಬಡವರಿಗೆ, ವಯಸ್ಸಾದವರಿಗೆ ನೆರವಾಗುವುದು, ಕಂಪನಿಗಳನ್ನು ನಿಯಮದಲ್ಲಿಡುವುದು ಸರ್ಕಾರದ ಕೆಲಸ, ಅದಕ್ಕಾಗಿ ಉಳ್ಳವರಿಂದ ಜಾಸ್ತಿ ತೆರಿಗೆ ಪಡೆಯಬಹುದು, ಗರ್ಭಪಾತದಂಥ ವಿಷಯ ಅವರವರಿಗೆ ಬಿಟ್ಟದ್ದು ಅನ್ನುವವರು.

ಕನ್ಸರ್ವೇಟಿವರು: ಸಾಮಾನ್ಯವಾಗಿ, ತೆರಿಗೆ ಕಡಿಮೆ ಇರಲಿ, ವ್ಯಾಪಾರದಲ್ಲಿ ಸರ್ಕಾರ ಕೈ ಹಾಕುವುದು ಕಡಿಮೆ ಇರಲಿ, ವಾಷಿಂಗ್ಟನ್ನಿಗಿಂತ ರಾಜ್ಯಗಳಿಗೆ ಹೆಚ್ಚು ಅಧಿಕಾರ ಇರಲಿ, ಧರ್ಮ ಮತ್ತು ಕುಟುಂಬದ ಹಳೆಯ ಕಟ್ಟುಪಾಡು, ಬಂದೂಕಿನ ಹಕ್ಕು ಉಳಿಯಲಿ ಅನ್ನುವವರು.

‘ಸಾಮಾನ್ಯವಾಗಿ’ ಅನ್ನುವುದನ್ನು ಜಾಗ ಇಲ್ಲ ಅಂತ ಕತ್ತರಿಸಬೇಡಿ. ರಿಪಬ್ಲಿಕನ್ ಅಧ್ಯಕ್ಷ ಡೊನಾಲ್ಡ್ ಟ್ರಂಪ್ ಆಮದು ಸುಂಕ ಏರಿಸಿದ್ದು ರೇಗನ್ ಕಾಲದ ಕನ್ಸರ್ವೇಟಿವ್ ಲೆಕ್ಕಕ್ಕೆ ಹೊಂದುವುದಿಲ್ಲ, ಓದುವವರು ಅದನ್ನು ಕೇಳಿಯೇ ಕೇಳುತ್ತಾರೆ. ಪ್ರೂಫ್ ಬಂದಾಗ ‘ಲಿಬರಲ್ಲರು’ ಅನ್ನುವಲ್ಲಿ ಲಕಾರದ ಒತ್ತು ಬಿದ್ದುಹೋಗಿಲ್ಲ ತಾನೆ ಅಂತ ಒಂದು ಸಲ ನೋಡಿ.