ಸಹಾಯ ಬೇಕು: ಕಲಬುರಗಿಯಲ್ಲಿ ಚಿಂದಿ ಆಯುವ ಮಕ್ಕಳನ್ನು ಇಂಜೆಕ್ಷನ್‌ಗೆ ಕರೆದೊಯ್ಯುವವರು

ರೈಲ್ವೆ ಸ್ಟೇಷನ್, ಬಸ್ ಸ್ಟ್ಯಾಂಡ್ ಸುತ್ತ ಚಿಂದಿ ಆಯುವ ಮಕ್ಕಳಿಗೆ ನಾಯಿ ಕಚ್ಚಿದರೆ ರೇಬೀಸ್ (ಹುಚ್ಚುನಾಯಿ ರೋಗ) ತಡೆಯುವ ಮೊದಲ ಇಂಜೆಕ್ಷನ್ ಹೇಗೋ ಆಗುತ್ತದೆ, ತಪ್ಪುವುದು ಆಮೇಲಿನವು. 0 (ಅಂದರೆ ಮೊದಲ ಇಂಜೆಕ್ಷನ್ ಆದ ದಿನ), 3, 7, 28ನೇ ದಿನ, ಒಟ್ಟು ನಾಲ್ಕು ಸಲ ಹೋಗಬೇಕು. ಸರ್ಕಾರಿ ಆಸ್ಪತ್ರೆಯಲ್ಲಿ ದುಡ್ಡು ಬೇಡ, ಆದರೆ ಓಪಿಡಿ ತೆರೆಯುವ ಹೊತ್ತಿಗೇ ಇವರು ಮೂಟೆ ಹೊತ್ತು ಗುಜರಿ ಅಂಗಡಿ ಮುಂದೆ ನಿಂತಿರುತ್ತಾರೆ. ಹೋದರೆ ಅವತ್ತಿನ ದುಡಿಮೆ ಹೋಯಿತು. ಚೀಟಿಯೂ ಚೀಲದಲ್ಲೇ ಕಳೆದುಹೋಗುತ್ತದೆ.

ಆದ್ದರಿಂದ ಬೆಳಿಗ್ಗೆ ಎರಡು ತಾಸು ಬಿಡುವಿರುವ, ಬೈಕ್ ಅಥವಾ ಆಟೋ ಇರುವ ಅಣ್ಣ-ಅಕ್ಕಂದಿರು ಬೇಕು. ಉರ್ದು, ತೆಲುಗು ಬಂದರೆ ಇನ್ನೂ ಚಲೋ. ಚೀಟಿಯ ಫೋಟೋ ನಿಮ್ಮ ಫೋನಿನಲ್ಲಿರಲಿ, ಮುಂದಿನ ತಾರೀಖಿಗೆ ಅಲಾರಂ ಇಡಿ. ಹೊರಡುವ ಮುಂಚೆ ಹೊಟ್ಟೆಗೆ ಏನಾದರೂ ಕೊಡಿಸಿ.

ಕಚ್ಚಿದ ಕೂಡಲೇ ಹರಿಯುವ ನೀರು, ಸೋಪಿನಲ್ಲಿ 15 ನಿಮಿಷ ಗಾಯ ತೊಳೆಯಬೇಕು. ಖಾರದ ಪುಡಿ, ಸುಣ್ಣ ಹಚ್ಚುವುದು ಇನ್ನೂ ನಿಂತಿಲ್ಲ. ಕಂಡರೆ ತೊಳೆದು ತೆಗೆಸಿ. ಗಾಯ ಆಳವಾಗಿ ರಕ್ತ ಬಂದಿದ್ದರೆ ಗಾಯದ ಸುತ್ತ ಕೊಡುವ ಇಮ್ಯುನೊಗ್ಲೋಬ್ಯುಲಿನ್ (ರೇಬೀಸ್ ವಿರುದ್ಧ ಕೂಡಲೇ ರಕ್ಷಣೆ ಕೊಡುವ ಮದ್ದು) ಸಹ ಬೇಕು, ಅದನ್ನು ಡಾಕ್ಟರಿಗೆ ನೀವೇ ಕೇಳಿ. ಗಾಜು, ತಗಡು ಕೊಯ್ದಿದ್ದರೆ ಧನುರ್ವಾಯು ತಡೆಯುವ ಟಿಡಿ ಚುಚ್ಚುಮದ್ದು ಕೊಡಿಸಿ.

ಸಾಮಾನು ಕೊಡುವವರು ಹಳೆ ಚಪ್ಪಲಿ ಕೊಡಬೇಡಿ. ದಪ್ಪ ಅಡಿಯ ಮುಚ್ಚಿದ ಬೂಟು, ಮಕ್ಕಳ ಅಳತೆಯ ರಬ್ಬರ್ ಗ್ಲೌಸ್ ಬೇಕು; ದೊಡ್ಡವರ ಗ್ಲೌಸಿನಲ್ಲಿ ಹಿಡಿತ ಸಿಗದೆ ಅರ್ಧ ಗಂಟೆಗೇ ಬಿಚ್ಚಿ ಎಸೆಯುತ್ತಾರೆ.

ಮಗು ಒಂಟಿಯಾಗಿದ್ದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ. ಮುಖ ಕಾಣುವ ಫೋಟೋ, ಹೆಸರು ಗ್ರೂಪಿಗೆ ಹಾಕಲೇಬೇಡಿ. ಬರುವವರು ಯಾವ ವಾರ, ಎಷ್ಟು ಹೊತ್ತಿಗೆ ಅಂತ ಕೆಳಗೆ ಬರೆಯಿರಿ.