ಹಳೇ ಮನೆ ಕೊಳ್ಳೋ ಮುಂಚೆ ತಪಾಸಣೆ: ಏನೇನು ನೋಡಿಸಬೇಕು?

ಪ್ರಶ್ನೆ: ಹದಿನೈದು ವರ್ಷ ಹಳೆಯ ಎರಡಂತಸ್ತಿನ ಆರ್‌ಸಿಸಿ ಮನೆ ನೋಡಿದ್ದೇವೆ. ಒಳಗೆಲ್ಲ ಹೊಸ ಪೇಂಟು. ದುಡ್ಡು ಕೊಟ್ಟು ತಪಾಸಣೆ ಮಾಡಿಸಿದರೆ ಉಪಯೋಗ ಇದೆಯಾ? ಗೊತ್ತಿರೋರು ಹೇಳಿ.

ಉತ್ತರ 1: ಇದೆ. ಮುಂಗಡ ಕೊಡೋಕೆ ಮೊದಲೇ ಮಾಡಿಸಿ. ಆದರೆ ಬಂದವರು ಗೋಡೆ ಒಡೆದು ನೋಡಲ್ಲ. ಕಣ್ಣಿಗೆ, ಮೀಟರಿಗೆ ಸಿಕ್ಕಿದ್ದಷ್ಟೇ ರಿಪೋರ್ಟಿಗೆ ಬರುತ್ತೆ. ಹಾಗಾಗಿ ಆ ದಿನ ಕರೆಂಟು, ನೀರು ಇರಲಿ, ಬೀರುಗಳನ್ನು ಗೋಡೆಯಿಂದ ಸರಿಸಿರಲಿ, ತಾರಸಿ ಬೀಗದ ಕೈ ಕೈಯಲ್ಲಿರಲಿ.

ನೀರು ನಿಲ್ಲಿಸುವ ಪರೀಕ್ಷೆಯನ್ನು ಹಿಂದಿನ ದಿನವೇ ಶುರು ಮಾಡಿಸಬೇಕು. ಮೇಲಂತಸ್ತಿನ ಬಾತ್‌ರೂಮಿನ ನೀರು ಹೋಗುವ ತೂತು ಬಿಗಿಯಾಗಿ ಮುಚ್ಚಿ, ಹೊಸ್ತಿಲು ದಾಟದ ಹಾಗೆ ಒಂದಿಂಚು ನೀರು ನಿಲ್ಲಿಸಿ, ಮಟ್ಟಕ್ಕೆ ಪೆನ್ಸಿಲ್ ಗೆರೆ ಎಳೆದು 24 ಗಂಟೆ ಬಿಡಿ. ಒಂದೆರಡು ಮಿ.ಮೀ. ಇಳಿದರೆ ಆವಿಯಾಗಿರುತ್ತೆ. ಜಾಸ್ತಿ ಇಳಿದಿದ್ದರೆ, ಕೆಳಗಿನ ಸೀಲಿಂಗಿನಲ್ಲಿ ಕಲೆ ಕಾಣದಿದ್ದರೂ ಬಿಡಬೇಡಿ: ಟೈಲ್ಸ್ ಕೆಳಗಿನ ಭರ್ತಿ ಮೊದಲು ನೀರು ಕುಡಿಯುತ್ತೆ, ಸೀಲಿಂಗಿಗೆ ಇಳಿಯೋಕೆ ದಿನಗಳೇ ಬೇಕು.

ಹೊಸ ಪೇಂಟು ಅಂದಿರಲ್ಲ, ಅಲ್ಲೇ ಅನುಮಾನ: ತೇವದ ಕಲೆ ಮುಚ್ಚಿರಬಹುದು, ಮೀಟರ್ ಇಡಿಸಿ ನೋಡಿ. ತೇವದ ಮೀಟರುಗಳು ಹೆಚ್ಚಾಗಿ ಮರಕ್ಕೆ ಹೊಂದಿಸಿದಂಥವು. ಗಾರೆ ಮೇಲೆ ಬರುವ ಅಂಕಿಗೆ ತಾನಾಗಿ ಅರ್ಥ ಇಲ್ಲ. ಅದೇ ಮನೆಯ ಒಣ ಗೋಡೆಯ ಅಂಕಿ ಪಕ್ಕದಲ್ಲಿ ಬರೆಸಿ. ಗೋಡೆಯಲ್ಲಿ ಉಪ್ಪು ಸೇರಿದ್ದರೂ ಅಂಕಿ ಏರುತ್ತೆ. ಥರ್ಮಲ್ ಕ್ಯಾಮೆರಾ ತೋರಿಸೋದು ತಣ್ಣಗಿರುವ ಜಾಗವನ್ನ, ನೀರನ್ನಲ್ಲ. ಬಣ್ಣಬಣ್ಣದ ಫೋಟೋಗೆ ಮರುಳಾಗದೆ ಅಲ್ಲಿ ಮೀಟರ್ ಇಡಿಸಿ.

ಉತ್ತರ 2: ವೈರಿಂಗ್ ವಿಷಯ. ಆರ್‌ಸಿಸಿಬಿಯ (ಕರೆಂಟು ಸೋರಿದರೆ ತಾನಾಗಿ ಲೈನ್ ಕಡಿಯುವ ಸ್ವಿಚ್) ಟೆಸ್ಟ್ ಗುಂಡಿ ಒತ್ತಿದರೆ ಟ್ರಿಪ್ ಆಗಬೇಕು. ಆಯ್ತು ಅಂದಮಾತ್ರಕ್ಕೆ ಅರ್ಥಿಂಗ್ ಸರಿ ಇದೆ ಅಂತಲ್ಲ, ಆ ಗುಂಡಿಗೂ ಅರ್ಥ್ ತಂತಿಗೂ ಸಂಬಂಧವೇ ಇಲ್ಲ. ಅರ್ಥ್ ದಾರಿಯ ತಡೆ ಅಳೆಯುವ ಲೂಪ್ ಇಂಪೀಡೆನ್ಸ್ ಮೀಟರಿನಿಂದ ಪ್ರತಿ ಸಾಕೆಟ್ ನೋಡಿಸಿ. ಇನ್ನೊಂದು, ಬೋರ್ಡ್ ಮುಚ್ಚಳ ಬಿಚ್ಚಿಸಿ. 1.5 ಚದರ ಮಿ.ಮೀ. ತಂತಿಗೆ 32 ಆಂಪಿಯರ್ ಎಂಸಿಬಿ (ಕರೆಂಟು ಮಿತಿ ಮೀರಿದರೆ ಲೈನ್ ಕಡಿಯುವ ಸ್ವಿಚ್) ಹಾಕಿದ್ದರೆ, ಪದೇ ಪದೇ ಟ್ರಿಪ್ ಆಗುತ್ತೆ ಅಂತ ಯಾರೋ ದೊಡ್ಡದು ಕೂರಿಸಿದ್ದಾರೆ ಅಂತಲೇ ತಿಳಿಯಿರಿ. ಎಂಸಿಬಿ ಬೀಳುವ ಮೊದಲೇ ತಂತಿ ಕಾದು ಇನ್ಸುಲೇಷನ್ ಕರಗುತ್ತೆ.

ಉತ್ತರ 3: ಬಿರುಕುಗಳಲ್ಲಿ ಜಾತಿ ಇದೆ. ಗಿಲಾವಿನ ಮೇಲೆ ಬಲೆ ಹೆಣೆದಂತಿರುವ ಕೂದಲೆಳೆ ಬಿರುಕಿಗೆ ಹೆದರಬೇಡಿ. ಕಂಬ, ತೊಲೆಯಲ್ಲಿ ಸರಳಿನ ಉದ್ದಕ್ಕೂ ಓಡಿದ ಬಿರುಕು, ಅದರಲ್ಲಿ ಕಂದು ಕಲೆ ಇದ್ದರೆ ಒಳಗೆ ಸರಳು ತುಕ್ಕು ಹಿಡಿದು ಉಬ್ಬಿ ಕಾಂಕ್ರೀಟನ್ನು ಹೊರಗೆ ತಳ್ಳುತ್ತಿದೆ. ಕಾಂಕ್ರೀಟಿಗೆ ಬಡಿದು ಪುಟಿಯುವುದರಿಂದ ಗಟ್ಟಿತನ ಅಳೆಯುವ ರಿಬೌಂಡ್ ಹ್ಯಾಮರ್‌ನ ಅಂಕಿಯೊಂದನ್ನೇ ನಂಬಬೇಡಿ. ಕಾರ್ಬೊನೇಟ್ ಆದ (ಗಾಳಿಯ ಇಂಗಾಲದ ಡೈಆಕ್ಸೈಡ್ ಸೇರಿ ಕ್ಷಾರ ಕಳೆದುಕೊಂಡ) ಹಳೇ ಮೇಲ್ಮೈ ಗಟ್ಟಿಯಾಗಿ ಅಂಕಿಯನ್ನು ಏರಿಸುತ್ತದೆ. ಹೊಸದಾಗಿ ಕೆತ್ತಿದ ಜಾಗಕ್ಕೆ ಫಿನಾಲ್ಫ್ತಲೀನ್ (ಕ್ಷಾರ ಇದ್ದರೆ ಬಣ್ಣ ಬರುವ ದ್ರಾವಣ) ಸಿಂಪಡಿಸಿದರೆ ಚೆನ್ನಾಗಿರುವ ಕಾಂಕ್ರೀಟು ಗುಲಾಬಿಯಾಗುತ್ತದೆ. ಮೇಲ್ಮೈಯಿಂದ ಸರಳಿನ ಆಳದವರೆಗೂ ಬಣ್ಣವೇ ಬರದಿದ್ದರೆ ಸರಳಿಗಿದ್ದ ರಕ್ಷಣೆ ಹೋಗಿದೆ. ಕೆತ್ತಲು ಮಾಲೀಕರ ಒಪ್ಪಿಗೆ ಬೇಕು, ಮೊದಲೇ ಕೇಳಿ.

ಉತ್ತರ 4: ಬ್ರೋಕರ್ ಕರೆತಂದವರು ಬೇಡ, ರಿಪೇರಿ ಗುತ್ತಿಗೆಯನ್ನೂ ಹಿಡಿಯುವವರು ಬೇಡ. ಬಾಗಿಲ ಚೌಕಟ್ಟಿನ ಬುಡಕ್ಕೆ ಸ್ಕ್ರೂಡ್ರೈವರ್ ಒತ್ತಿ ನೋಡಿ. ಗೆದ್ದಲು ತಿಂದಿದ್ದರೆ ಪೇಂಟಿನ ಸಿಪ್ಪೆ ದಾಟಿ ಸಲೀಸಾಗಿ ಒಳಗೆ ಹೋಗುತ್ತೆ.